ಬಳಸುವ ಮುನ್ನ ಚೆನ್ನಾಗಿ ಕುಲುಕಿ

ಆಗಸ್ಟ್ ೩, ಸೋಮವಾರ

ಔಷಧಶಾಸ್ತ್ರ ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿಯಾದ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಮಣಿಯದೆ, ಈ ದಿನಚರಿಯ ಮೊದಲ ಪುಟದಲ್ಲಿ ಒಪ್ಪಿಕೊಳ್ಳುವುದೇನೆಂದರೆ: ಇಂದು ಮಧ್ಯಾಹ್ನ ಮೂರೂಕಾಲಿಗೆ ಕಾಲೇಜಿನ ಲ್ಯಾಬಿನಿಂದ ಔಷಧಿ ಅರೆಯುವ ಒಂದು ಪಿಂಗಾಣಿ ಕಲಬತ್ತನ್ನು ಕದ್ದಿದ್ದೇನೆ. ತೂಕ ಒಂದೂಕಾಲು ಕಿಲೋ. ಅಂಚು ಒಂದು ಕಡೆ ಮುಕ್ಕು. ಬಿಳಿ ಕೋಟಿನೊಳಗೆ ಹೊಟ್ಟೆಗೆ ಅವಚಿಕೊಂಡು, ಏಳು ತಿಂಗಳ ಬಸುರಿಯ ಗಾಂಭೀರ್ಯದಲ್ಲಿ ಗೇಟು ದಾಟಿದೆ. ಕಾವಲುಗಾರ ಎದ್ದು ನಿಂತು ದಾರಿ ಬಿಟ್ಟ. ಇನ್ನೊಂದು ಕ್ಷಣ ನಿಂತಿದ್ದರೆ ಕುರ್ಚಿಯನ್ನೂ ಕೊಡುವವನಿದ್ದ.

ಕಾರಣ ಬರೆಯದಿದ್ದರೆ ಅಪರಾಧ ಅಪೂರ್ಣ. ಹೋದ ತಿಂಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಎಮಲ್ಷನ್ ಬಂತು. ಎಣ್ಣೆ ಮತ್ತು ನೀರು ಸೃಷ್ಟಿಯ ಮೊದಲ ದಿನದಿಂದ ಮಾತು ಬಿಟ್ಟ ದಾಯಾದಿಗಳು. ಇಬ್ಬರನ್ನೂ ಒಂದೇ ಬಾಟಲಿಯಲ್ಲಿ ಸಂಸಾರ ಹೂಡಿಸಬೇಕು. ಮಧ್ಯಸ್ಥಿಕೆಗೆ ಗೋಂದಿನ ಪುಡಿ. ನಾಲ್ಕು ಪಾಲು ಮೀನೆಣ್ಣೆ, ಎರಡು ಪಾಲು ನೀರು, ಒಂದು ಪಾಲು ಗೋಂದು. ಒಣ ಕಲಬತ್ತಿನಲ್ಲಿ ಎಣ್ಣೆಗೆ ಗೋಂದು ಬೆರೆಸಿ, ನೀರನ್ನೆಲ್ಲ ಒಮ್ಮೆಗೇ ಸುರಿದು, ಒಂದೇ ದಿಕ್ಕಿನಲ್ಲಿ ಬಿಡದೆ ಅರೆದರೆ ಕಲಬತ್ತು ಚಟಚಟ ಎನ್ನುತ್ತದೆ, ಒಳಗಿನದು ಹಾಲಿನಂತೆ ಬೆಳ್ಳಗಾಗುತ್ತದೆ. ನನ್ನದು ಮೌನವ್ರತ ಹಿಡಿಯಿತು. ಎಣ್ಣೆ ತೇಲಿತು, ನಾನು ಫೇಲಾದೆ.

ಪರೀಕ್ಷಕಿ ನಮ್ಮ ಮಿಲಿಗ್ರಾಂ ಮೇಡಂ. ಅವರ ನಗುವನ್ನು ತೂಗಲು ಸೂಕ್ಷ್ಮ ತಕ್ಕಡಿಯೇ ಬೇಕು, ಅದಕ್ಕೇ ಈ ಬಿರುದು. ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಔಷಧಿ ಅಲ್ಲಪ್ಪ, ವಿಚ್ಛೇದನ" ಎಂದರು. ಆಮೇಲೆ ಬಾಟಲಿ ತಿರುಗಿಸಿ, "ಚೀಟಿ ಎಲ್ಲಿ?" ಎಂದರು. ಚೀಟಿ ಅಂಟಿಸುವುದನ್ನೂ ಮರೆತಿದ್ದೆ. ಅದಿರಲಿ, ಚೀಟಿ ಬರೆಯುವುದು ಗುಮಾಸ್ತರ ಕೆಲಸ.

ಮರುಪರೀಕ್ಷೆ ಸೆಪ್ಟೆಂಬರ್ ಹದಿನಾಲ್ಕಕ್ಕೆ. ಅದರಲ್ಲೂ ಬಿದ್ದರೆ ಮೂರನೆಯ ವರ್ಷಕ್ಕೆ ಹತ್ತಿಸುವುದಿಲ್ಲ, ಇಡೀ ವರ್ಷ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂರುವುದೂ ಸುಲಭವಲ್ಲ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ನಾನು ಕಾಲೇಜು ಸೇರಿದ ವಾರವೇ ನನ್ನ ಮುಂದಿನ ಔಷಧಿ ಅಂಗಡಿಯ ಬೋರ್ಡು ಬರೆದು ಮುಗಿಸಿ ನನ್ನ ಮಂಚದ ಕೆಳಗೇ ಇಟ್ಟಿದ್ದಾರೆ. ಅದರ ಮೇಲೆಯೇ ಮಲಗಿ ಒಂದು ವರ್ಷ ಕಳೆಯಬೇಕು.

ಲ್ಯಾಬು ಪಾಠದ ಹೊತ್ತಿಗೆ ಮಾತ್ರ ತೆರೆಯುತ್ತದೆ. ಆದ್ದರಿಂದ ಕಲಬತ್ತು ಮನೆಗೆ ಬಂತು. ಆದ್ದರಿಂದ ನಾನು ಕಳ್ಳ. ಆದರೆ ಧ್ಯೇಯವುಳ್ಳ ಕಳ್ಳ.

ಆಗಸ್ಟ್ ೪, ಮಂಗಳವಾರ

ಕಲಬತ್ತನ್ನು ಕದ್ದೆ, ಅರೆಯುವ ಗುಂಡನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಇದು ಗೊತ್ತಾದದ್ದು ಬೆಳಿಗ್ಗೆ ಲ್ಯಾಬಿನ ಅಟೆಂಡರು ಮೆಟ್ಟಿಲ ಬಳಿ ತಡೆದಾಗ. ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇರುವ, ಎಲ್ಲರನ್ನೂ 'ಡಾಕ್ಟ್ರೇ' ಎಂದು ಕರೆದು ಮಾನ ಕಳೆಯುವ ಮನುಷ್ಯ. ಹಳೆಯ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ನನ್ನ ಚೀಲಕ್ಕೆ ತುರುಕಿದರು.

"ಡಾಕ್ಟ್ರೇ, ಕದಿಯೋದಾದ್ರೆ ಜೋಡಿ ಕದೀಬೇಕು. ಬಟ್ಟಲು ಒಂದನ್ನೇ ಒಯ್ದು ಏನ್ ಮಾಡ್ತೀರಿ, ಮುಖ ನೋಡ್ಕೋತೀರಾ?"

ನಾನು ಯಾವ ಬಟ್ಟಲು ಎಂದು ಕೇಳುವ ಪ್ರಯತ್ನ ಮಾಡಿದೆ.

"ಮುಕ್ಕಾಗಿದ್ದು. ಬಾಗಿಲ ಹತ್ರಾನೇ ಇಟ್ಟಿದ್ನಲ್ಲ, ಕಣ್ಣಿಗೆ ಬೀಳ್ಲಿ ಅಂತ. ಮೂರು ದಿನ ಕಾದೆ. ನಿಮ್ಮ ಹಿಂದಿನ ಬ್ಯಾಚಿನವ್ರು ಮೊದಲನೇ ದಿನಾನೇ ಒಯ್ದಿದ್ರು. ಪಾಸಾದ್ಮೇಲೆ ತೊಳ್ದು ತಂದಿಡಿ."

ಅಂದರೆ ನನ್ನ ಅಪರಾಧಕ್ಕೆ ಸ್ವಂತಿಕೆಯೂ ಇಲ್ಲ.

ಆಗಸ್ಟ್ ೮, ಶನಿವಾರ

ಮನೆಯ ಪ್ರಯೋಗಾಲಯ ಉದ್ಘಾಟನೆಯಾಯಿತು. ಸ್ಥಳ: ಹಿತ್ತಲ ಬಾಗಿಲ ಮೆಟ್ಟಿಲು. ಮೀನೆಣ್ಣೆಯ ವಾಸನೆಗೆ ಅಮ್ಮ ಅಡುಗೆಮನೆಯಿಂದ ಗಡೀಪಾರು ಮಾಡಿದ್ದಾರೆ. ಪ್ರೇಕ್ಷಕರು: ಅಜ್ಜಿ ಒಬ್ಬರೇ.

ಅಜ್ಜಿ ಅಂದರೆ ಅಪ್ಪನ ಅಮ್ಮ. ಎಪ್ಪತ್ತೆಂಟು. ಕಣ್ಣು ಮಂಜು, ನಾಲಿಗೆ ಚುರುಕು.

"ಏನು ಅರೀತಿದ್ದೀಯೋ?"

"ಎಣ್ಣೆ ನೀರು ಒಂದು ಮಾಡ್ತಿದ್ದೀನಿ ಅಜ್ಜಿ."

"ನಿಮ್ಮಪ್ಪ ಚಿಕ್ಕಪ್ಪನ್ನೇ ಒಂದು ಮಾಡೋಕಾಗ್ಲಿಲ್ಲ ನಂಗೆ. ನೀನು ಎಣ್ಣೆ ನೀರಿಗೆ ಕೈ ಹಾಕಿದ್ದೀಯ."

ಮೂರು ಸಲ ಮಾಡಿದೆ. ಮೂರು ಸಲವೂ ಒಡೆಯಿತು. ಒಮ್ಮೆ ಕಲಬತ್ತು ಒದ್ದೆಯಿತ್ತು. ಒಮ್ಮೆ ಎಣ್ಣೆ ಅಳೆದ ಅಳತೆ ಗ್ಲಾಸಿನಲ್ಲೇ ನೀರನ್ನೂ ಅಳೆದೆ. ಮೂರನೆಯದಕ್ಕೆ ಕಾರಣ ತಿಳಿಯಲಿಲ್ಲ, ಆದ್ದರಿಂದ ಹವಾಮಾನ.

ಆಗಸ್ಟ್ ೧೨, ಬುಧವಾರ

ಒಡೆಯಿತು.

ಆಗಸ್ಟ್ ೧೩, ಗುರುವಾರ

ಒಡೆಯಿತು. ಬಾಟಲಿಯಲ್ಲಿ ಗೆರೆ, ಅಂಗೈಯಲ್ಲಿ ಬೊಬ್ಬೆ. ಅಂಗೈ ನೋಡಿ ಭವಿಷ್ಯ ಹೇಳುವವರಿಗೆ ಈಗ ನನ್ನ ಕೈಯಲ್ಲಿ ಓದಲು ಜಾಗವಿಲ್ಲ.

ಆಗಸ್ಟ್ ೧೬, ಭಾನುವಾರ

ಕೈಗೆ ವಿಶ್ರಾಂತಿ ಕೊಟ್ಟು ಚೀಟಿ ಬರೆದೆ. ಬಾಟಲಿಯ ಮೇಲೆ ಅಂಟಿಸುವ ಅಂಗೈಯಗಲದ ಕಾಗದ. ಔಷಧಿಯ ಹೆಸರು, ಎಷ್ಟು, ಯಾವಾಗ, ಎಚ್ಚರಿಕೆ. ಮೂವತ್ತರಲ್ಲಿ ಹತ್ತು ಅಂಕ ಇದಕ್ಕೂ ಮೌಖಿಕ ಪ್ರಶ್ನೆಗಳಿಗೂ ಸೇರಿ. ಬಿಟ್ಟಿ ಅಂಕ ಬಿಡಬಾರದು.

ಅಪ್ಪ ಬಣ್ಣದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. ಅವರ ಮುಖ, ಸಂಗೀತಗಾರನ ಮಗ ಅಪಸ್ವರ ಹಾಡಿದಾಗ ಆಗುವಂತಾಯಿತು.

"ಇದೇನಿದು?"

"ಚೀಟಿ."

"ಇರುವೆ ಮಸಿಗೆ ಬಿದ್ದು ಕಾಗದದ ಮೇಲೆ ತೆವಳಿ ಪ್ರಾಣ ಬಿಟ್ಟಿದೆ."

"ಅಪ್ಪ, ಔಷಧಿ ಮುಖ್ಯ, ಅಕ್ಷರ ಅಲ್ಲ."

"ಹೌದಾ? ಹಳ್ಳ ಇದೆ ಅಂತ ಬೋರ್ಡು ಬರೀತೀನಿ ಅಂದ್ಕೋ. ಅಕ್ಷರ ಕಾಣ್ಲಿಲ್ಲ ಅಂದ್ರೆ ಹಳ್ಳ ಮುಚ್ಚಿಕೊಳ್ಳುತ್ತಾ?" ಪೆನ್ನು ಕಿತ್ತುಕೊಂಡರು. "ಓದೋನು ನಿನ್ನ ಥರ ಕೂತು ಓದಲ್ಲ. ಅರ್ಧ ನಿದ್ದೇಲಿ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕ್ತಾ ಓದ್ತಾನೆ. ಮುಖ್ಯವಾದ್ದು ದೊಡ್ಡದು ಮಾಡು. ಸುತ್ತ ಜಾಗ ಬಿಡು. ಜಾಗ ಅಂದ್ರೆ ಖರ್ಚಲ್ಲ, ಅದೇ ಬೆಳಕು."

ಸಂಜೆಯವರೆಗೆ 'ಕುಲುಕಿ'ಯ 'ಕು' ತಿದ್ದಿಸಿದರು. ಎಮಲ್ಷನ್ ಕಲಿಯಬೇಕಾದವನು ಒಂದನೆಯ ತರಗತಿಯ ಕಾಪಿ ಬರೆದೆ. ಆದರೆ ಸುಳ್ಳೇಕೆ, ಹನ್ನೆರಡನೆಯ ಚೀಟಿಯನ್ನು ಗೋಡೆಗೆ ಅಂಟಿಸಿ ಬೀದಿಯ ಆಚೆಯಿಂದ ಓದಿದೆ. ಕಾಣುತ್ತದೆ!

ಆಗಸ್ಟ್ ೧೯, ಬುಧವಾರ

ಅಜ್ಜಿ ಬಚ್ಚಲಿನಿಂದ ಬರುವಾಗ ತಲೆ ಸುತ್ತಿ ಗೋಡೆ ಹಿಡಿದರು. ಈ ತಿಂಗಳು ಇದು ನಾಲ್ಕನೆಯ ಸಲ. ಅಮ್ಮ ವಯಸ್ಸು ಎಂದರು. ಅಜ್ಜಿ ಬಿಸಿಲು ಎಂದರು. ನಾನು ಓದುತ್ತಿದ್ದವನು, ಗಮನ ಬೇರೆಡೆ ಹರಿಯಿತು.

ಸುಮ್ಮನೆ ಅವರ ಮಾತ್ರೆ ಡಬ್ಬಿ ತೆರೆದೆ. ಎರಡು ಕಾಗದದ ಲಕೋಟೆ. ಮೇಲೆ ಔಷಧಿ ಅಂಗಡಿಯವನ ಬರಹ, ಅದೇ ಸತ್ತ ಇರುವೆ.

"ಅಜ್ಜಿ, ಯಾವುದು ಯಾವಾಗ ಅಂತ ಹೇಗೆ ಗೊತ್ತಾಗುತ್ತೆ?"

"ಬೆಳಿಗ್ಗೇದು ಗುಲಾಬಿ, ಸಂಜೇದು ಬಿಳಿ."

"ಈಗ ಎರಡೂ ಬಿಳಿ ಇದೆಯಲ್ಲ?"

"ಈ ತಿಂಗಳು ಗುಲಾಬಿ ಬರ್ಲಿಲ್ಲ ಕಣೋ. ಅದಕ್ಕೆ ಕೈಗೆ ಯಾವುದು ಸಿಗುತ್ತೋ ಅದು. ಯಾವುದಕ್ಕೂ ಬೇಜಾರಾಗ್ಬಾರ್ದು ನೋಡು."

"ಅಕ್ಷರ ಓದ್ಬೇಕಿತ್ತು."

"ಯಾವ ಅಕ್ಷರ? ನೀನೇ ಓದು ನೋಡಣ."

ನನಗೂ ಓದಲಾಗಲಿಲ್ಲ. ಬೇರೆ ಕಂಪನಿಯ ಮಾತ್ರೆ ಬಂದಿತ್ತು, ಬಣ್ಣ ಬದಲಾಗಿತ್ತು. ಮಾತ್ರೆ ಪಟ್ಟಿಯ ಬೆನ್ನಿನ ಸಣ್ಣಕ್ಷರ ನೋಡಿ, ಉಳಿದ ಮಾತ್ರೆ ಎಣಿಸಿದೆ. ರಕ್ತದೊತ್ತಡದ ಮಾತ್ರೆ ಕೆಲವು ದಿನ ಎರಡು ಹೋಗಿದೆ, ಕೆಲವು ದಿನ ಒಂದೂ ಇಲ್ಲ. ನನ್ನ ಎಮಲ್ಷನ್ನಿಗಿಂತ ಅಜ್ಜಿಯ ತಿಂಗಳು ಹೆಚ್ಚು ಒಡೆದಿತ್ತು.

ಆಗಸ್ಟ್ ೨೧, ಶುಕ್ರವಾರ

ಅಜ್ಜಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಮಾತ್ರೆಗಳ ಲೆಕ್ಕ ಬರೆದ ಹಾಳೆ ನೋಡಿ ಅವರು "ಇದನ್ನ ಯಾರು ಮಾಡಿದ್ದು?" ಎಂದರು. ತಪ್ಪು ಮಾಡಿದೆನೇನೋ ಎಂದುಕೊಂಡು ಅಜ್ಜಿಯ ಹಿಂದೆ ಸರಿದೆ. ಅಜ್ಜಿ ಬೆರಳು ತೋರಿಸಿದರು. ವೈದ್ಯರು ಹಾಳೆಯನ್ನು ತಮ್ಮ ಕಡತಕ್ಕೆ ಸೇರಿಸಿಕೊಂಡರು.

ಮನೆಗೆ ಬಂದು ಎರಡು ಡಬ್ಬಿಗೆ ಎರಡು ಚೀಟಿ, ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ದೀಪ, ಅಪ್ಪನ ಅಳತೆಯ ಅಕ್ಷರ. ಅಜ್ಜಿ ಕನ್ನಡಕವಿಲ್ಲದೆ ಓದಿದರು. ಆಮೇಲೆ ಮತ್ತೆ ಓದಿದರು. ಆಮೇಲೆ ಅಮ್ಮನನ್ನು ಕರೆದು ಓದಿ ತೋರಿಸಿದರು.

ಒಟ್ಟು ಎರಡು ದಿನ ಓದು ಹಾಳು. ಪರೀಕ್ಷೆಗೆ ಇಪ್ಪತ್ತನಾಲ್ಕು ದಿನ. ಹೀಗಾದರೆ ಮುಗಿಯಿತು ನನ್ನ ಕಥೆ.

ಆಗಸ್ಟ್ ೨೪, ಸೋಮವಾರ

ಚಟಚಟ! ಚಟಚಟ! ಚಟಚಟ!

ಸಂಜೆ ಐದೂ ಇಪ್ಪತ್ತಕ್ಕೆ, ಹಿತ್ತಲ ಮೆಟ್ಟಿಲಿನ ಮೇಲೆ, ಹದಿನೇಳನೆಯ ಪ್ರಯತ್ನದಲ್ಲಿ. ಮೊದಲು ಅಜ್ಜಿಗೇ ಕೇಳಿಸಿತು. "ಏನೋ ಒಗ್ಗರಣೆ ಸಿಡೀತಿದೆಯಲ್ಲ" ಎಂದರು. ಕೆಳಗೆ ನೋಡುತ್ತೇನೆ, ಹಾಲು! ಎಣ್ಣೆಯೂ ಇಲ್ಲ, ನೀರೂ ಇಲ್ಲ, ದಾಯಾದಿಗಳು ಒಂದೇ ಚಾಪೆಯ ಮೇಲೆ ಮಲಗಿದ್ದಾರೆ. ನಾನು ಎದ್ದು ಕುಣಿದೆ. ಒಂದೇ ದಿಕ್ಕಿನಲ್ಲಿ ಕುಣಿದೆ, ಅಭ್ಯಾಸಬಲ.

ಕೆಡದಂತೆ ಹಾಕುವ ಪುಡಿಯನ್ನು ಹಾಕಿ ಬಾಟಲಿಗೆ ತುಂಬಿದೆ. ಪರೀಕ್ಷೆಯಲ್ಲಿ ಬರೆಯಬೇಕಾದಂತೆಯೇ ಚೀಟಿ ಅಂಟಿಸಿದೆ: 'ಮೀನೆಣ್ಣೆಯ ಎಮಲ್ಷನ್. ದಿನಕ್ಕೆ ಮೂರು ಸಲ, ಎರಡು ಚಮಚ. ಬಳಸುವ ಮುನ್ನ ಚೆನ್ನಾಗಿ ಕುಲುಕಿ.' ಎಷ್ಟು ದಿನ ಒಡೆಯದೆ ಇರುತ್ತದೋ ನೋಡೋಣ ಎಂದು ನಡುಮನೆಯ ಕಪಾಟಿನಲ್ಲಿ, ಅಜ್ಜಿಯ ಡಬ್ಬಿಗಳ ಪಕ್ಕ ಇಟ್ಟೆ. ಯಾರೂ ಕುಡಿಯಬಾರದು ಎಂದು ಮನೆಗೆಲ್ಲ ಸಾರಿದೆ. ಯಾರೂ ಕುಡಿಯಲು ಮುಂದೆ ಬರಲಿಲ್ಲ.

ಸೆಪ್ಟೆಂಬರ್ ೨, ಬುಧವಾರ

ಒಂಬತ್ತನೆಯ ದಿನ. ಕಾಲೇಜಿಗೆ ಹೊರಡುವ ಮುನ್ನ ನೋಡುತ್ತೇನೆ, ಬಂದ ಮೇಲೆ ನೋಡುತ್ತೇನೆ. ಒಂದು ಗೆರೆಯಿಲ್ಲ. ಪುಸ್ತಕದಲ್ಲಿ ಬರೆದಿದೆ, ಎಂಥ ಎಮಲ್ಷನ್ನಾದರೂ ಸುಮ್ಮನೆ ಬಿಟ್ಟರೆ ಮೇಲೆ ಸ್ವಲ್ಪ ಕೆನೆ ಕಟ್ಟುತ್ತದೆ ಎಂದು. ಪುಸ್ತಕ ಬರೆದವರಿಗೆ ನನ್ನ ಕೈ ಪರಿಚಯವಿರಲಿಲ್ಲ.

ಇದು ಸೊಕ್ಕಲ್ಲ, ವೀಕ್ಷಣೆ.

ಅಜ್ಜಿಗೆ ತಲೆ ಸುತ್ತು ನಿಂತಿದೆ. ಪಕ್ಕದ ಮನೆಯ ಟೈಲರ್ ಮಾವ ತಮ್ಮ ಮಾತ್ರೆ ಡಬ್ಬಿ ತಂದು "ನಂಗೂ ಸೂರ್ಯ ದೀಪ ಬರ್ಕೊಡೋ" ಎಂದರು. ಅವರದು ಐದು ಬಗೆ. ಮಧ್ಯಾಹ್ನಕ್ಕೆ ಯಾವ ಚಿತ್ರ ಹಾಕುವುದು ಎಂಬುದೇ ಯೋಚನೆಯಾಗಿ ಒಂದು ಗಂಟೆ ಹೋಯಿತು. ತಟ್ಟೆ ಬರೆದೆ. ಈ ಸಮಾಜಸೇವೆಗೆಲ್ಲ ಸಮಯವಿಲ್ಲ, ಪರೀಕ್ಷೆ ಮುಗಿಯಲಿ.

ಸೆಪ್ಟೆಂಬರ್ ೧೪, ಸೋಮವಾರ

ಪರೀಕ್ಷೆ ಆಯಿತು. ಚಟಚಟ ಅಂದಿತು! ಇಡೀ ಲ್ಯಾಬಿಗೆ ಕೇಳುವಂತೆ ಅಂದಿತು. ಬಾಗಿಲಲ್ಲಿ ನಿಂತಿದ್ದ ಅಟೆಂಡರು ಕಣ್ಣು ಮುಚ್ಚಿ ತಲೆದೂಗಿದರು, ಸಂಗೀತ ಕಛೇರಿಯಲ್ಲಿ ಕೂತವರಂತೆ.

ಮೌಖಿಕದಲ್ಲಿ ಮಾತ್ರ ಎಡವಿದೆ. ಮಿಲಿಗ್ರಾಂ ಮೇಡಂ ಬಾಟಲಿ ಎತ್ತಿ ಕೇಳಿದರು, "ಇದು ಎಷ್ಟು ದಿನ ಇರುತ್ತೆ?"

"ಮನೇಲಿ ಒಂದು ಮಾಡಿಟ್ಟಿದ್ದೀನಿ ಮೇಡಂ. ಇವತ್ತಿಗೆ ಇಪ್ಪತ್ತೊಂದು ದಿನ. ಒಂದು ಗೆರೆ ಬಿದ್ದಿಲ್ಲ."

"ಓಹೋ. ಗೆರೆನೇ ಬೀಳಲ್ಲ ಅಂದ್ಮೇಲೆ 'ಚೆನ್ನಾಗಿ ಕುಲುಕಿ' ಅಂತ ಯಾಕಪ್ಪ ಬರೆದೆ? ಅಲಂಕಾರಕ್ಕಾ?"

ಬಲೆ ಎಂದು ಗೊತ್ತಾಯಿತು. ಎಣ್ಣೆಯ ಕಣಗಳ ಗಾತ್ರ, ಸಾಂದ್ರತೆ, ಮೇಲೇರುವ ವೇಗದ ಸೂತ್ರ, ಪುಸ್ತಕದ ಎಂಬತ್ತೆರಡನೆಯ ಪುಟ ಪೂರ್ತಿ ನೆನಪಿತ್ತು. ಬಾಯಿ ತೆರೆದಾಗ ಅದು ಬರಲಿಲ್ಲ.

"ಬಾಟ್ಲಿ ಯಾರದೋ ಮನೆಗೆ ಹೋಗುತ್ತೆ ಮೇಡಂ. ಅಲ್ಲಿ ನಾನಿರಲ್ಲ, ನೀವೂ ಇರಲ್ಲ. ಕಣ್ಣು ಸರಿಯಾಗಿ ಕಾಣದ ಅಜ್ಜಿ ಒಬ್ರು ಇರ್ತಾರೆ. ಅವರ ಹತ್ರ ಮಾತಾಡೋದು ಚೀಟಿ ಒಂದೇ. ಅದು ಬಾಯ್ಬಿಡದಿದ್ರೆ ಅವರಿಗೆ ಮೊದಲನೇ ವಾರ ಬರೀ ಎಣ್ಣೆ, ಕೊನೇ ವಾರ ಬರೀ ನೀರು. ಅವರು ಯಾರನ್ನ ಕೇಳ್ಬೇಕು?"

ಮೇಡಂ ಚೀಟಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಹೋಗು" ಎಂದರು.

ಸೂತ್ರ ಕೇಳಿದರೆ ಸಂಸಾರದ ಕಥೆ ಹೇಳಿ ಬಂದೆ. ಆ ಪ್ರಶ್ನೆಗೆ ಸೊನ್ನೆ ಖಂಡಿತ. ಆದರೆ ಎಮಲ್ಷನ್ನಿಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಡದೆ ವಿಧಿಯಿಲ್ಲ.

ಸೆಪ್ಟೆಂಬರ್ ೨೧, ಸೋಮವಾರ

ಪಾಸು!

ಎಮಲ್ಷನ್ನಿಗೆ ಇಪ್ಪತ್ತಕ್ಕೆ ಹದಿಮೂರು. ಚೀಟಿ ಮತ್ತು ಮೌಖಿಕಕ್ಕೆ ಹತ್ತಕ್ಕೆ ಹತ್ತು. ಕಚೇರಿಯವರು ಅದಲು ಬದಲು ಮಾಡಿರಬೇಕು. ಕೇಳಲು ಹೋಗಲಿಲ್ಲ, ತಾನಾಗಿ ಬಂದ ಭಾಗ್ಯದ ಹಲ್ಲು ಎಣಿಸಬಾರದು.

ಅಪ್ಪ ಮಂಚದ ಕೆಳಗಿನಿಂದ ಬೋರ್ಡು ಎಳೆದು, ಧೂಳು ಒರೆಸಿ, ಒಂದು ಅಕ್ಷರದ ಬಾಲ ತಿದ್ದಿ, ಮತ್ತೆ ಒಳಗೆ ತಳ್ಳಿದರು. ಅವರ ಭಾಷೆಯಲ್ಲಿ ಅದು ಅಪ್ಪುಗೆ.

ಇನ್ನೂ ಇದೆ. ಮೇಡಂ ಕರೆದು, "ಆ ಒಡೆಯದ ಬಾಟಲಿ ಬುಧವಾರ ತಗೊಂಡು ಬಾ. ಜೂನಿಯರ್ಸಿಗೆ ತೋರಿಸು" ಎಂದರು. ನಕ್ಕರು ಎಂದು ನನ್ನ ಅಂದಾಜು. ಸುಮಾರು ಎರಡು ಮಿಲಿಗ್ರಾಂ.

ಸೆಪ್ಟೆಂಬರ್ ೨೩, ಬುಧವಾರ

ಮೂವತ್ತನೆಯ ದಿನ. ಮೂವತ್ತೆಂಟು ಜೂನಿಯರುಗಳ ಮುಂದೆ ನಲವತ್ತು ನಿಮಿಷ ಮಾತಾಡಿದೆ. ಮಣಿಕಟ್ಟಿನ ತಿರುವು, ಅರೆಯುವ ಲಯ, ಮನಸ್ಸಿನ ಏಕಾಗ್ರತೆ. "ಕೆಲವರ ಕೈಗೆ ಅದು ಬರುತ್ತದೆ, ಕೆಲವರಿಗೆ ಇಲ್ಲ" ಎಂದು ಮುಗಿಸಿದೆ. ಇಬ್ಬರು ಬರೆದುಕೊಂಡರು! ಬಾಟಲಿಯನ್ನು ಲ್ಯಾಬಿನ ಗಾಜಿನ ಕಪಾಟಿನಲ್ಲಿಟ್ಟು, ಮುಂದೆ ಒಂದು ಹಲಗೆ: 'ಮೂವತ್ತು ದಿನ. ಒಂದು ಗೆರೆಯಿಲ್ಲ.' ಅಪ್ಪನ ಅಳತೆಯ ಅಕ್ಷರ. ಬೀದಿಯಾಚೆಯಿಂದಲೂ ಕಾಣುತ್ತದೆ.

ಕಲಬತ್ತು, ಗುಂಡು ಎರಡನ್ನೂ ತೊಳೆದು ಮರಳಿಸಿದೆ. ಅಟೆಂಡರು ಬಟ್ಟಲನ್ನು ಒರೆಸಿ ಮತ್ತೆ ಬಾಗಿಲ ಬಳಿ ಇಟ್ಟರು.

ಸೆಪ್ಟೆಂಬರ್ ೨೫, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಆದರೆ ತಪ್ಪೊಪ್ಪಿಗೆಯಿಂದ ಶುರುವಾದ ಪುಸ್ತಕ ಇದು.

ಬೆಳಿಗ್ಗೆ ಲ್ಯಾಬಿಗೆ ಹೋದರೆ ಗಾಜಿನ ಕಪಾಟಿನ ಮುಂದೆ ಜೂನಿಯರುಗಳ ಗುಂಪು. ಬಾಟಲಿಯ ಮೇಲ್ಭಾಗದಲ್ಲಿ ಎರಡು ಬೆರಳು ದಪ್ಪದ ಕೆನೆ, ಕೆಳಗೆ ಮಜ್ಜಿಗೆಯ ತಿಳಿ, ನಡುವೆ ರೂಲರಿಟ್ಟು ಎಳೆದಂಥ ಗೆರೆ. ಮುಂದೆ ನನ್ನ ಹಲಗೆ. ದೊಡ್ಡ ಅಕ್ಷರ.

ಮೇಡಂ ಬಂದರು. ಬಾಟಲಿ ತೆಗೆದು ನಾಲ್ಕು ಸಲ ಕುಲುಕಿದರು. ಮತ್ತೆ ಹಾಲು.

"ಒಡೆದಿಲ್ಲ, ಕೆನೆ ಕಟ್ಟಿದೆ ಅಷ್ಟೆ. ಕುಲುಕಿದ್ರೆ ಕೂಡ್ಕೊಳ್ಳುತ್ತೆ. ಒಳ್ಳೇ ಎಮಲ್ಷನ್ನೇ. ಎಲ್ಲರದೂ ಹೀಗೇ ಆಗುತ್ತೆ." ನನ್ನ ಕಡೆ ತಿರುಗಿದರು. "ಮನೇಲಿ ಮೂವತ್ತು ದಿನ ಯಾರಪ್ಪ ಕುಲುಕ್ತಿದ್ರು?"

ಈ ಸಲ ನಿಜಕ್ಕೂ ನಕ್ಕರು. ಗ್ರಾಂ ಲೆಕ್ಕದಲ್ಲಿ.

ಸಂಜೆ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು, ಮುಖದಲ್ಲಿ ಗಾಬರಿ.

"ನಿನ್ನ ಬಾಟ್ಲಿ ಎಲ್ಲೋ? ಬುಧವಾರದಿಂದ ಮೂರು ಹೊತ್ತೂ ತಪ್ಪಿ ಹೋಗಿದೆ."

"ಏನು ತಪ್ಪಿ ಹೋಗಿದೆ?"

"ಕುಲುಕೋದು. ಬೆಳಿಗ್ಗೆ ಸೂರ್ಯದ ಮಾತ್ರೆ ತಗೊಂಡು ಒಂದು ಸಲ, ಮಧ್ಯಾಹ್ನ ಊಟಕ್ಕೆ ಮುಂಚೆ ಒಂದು ಸಲ, ಸಂಜೆ ನೀನು ಬರೋ ಹೊತ್ತಿಗೆ ಒಂದು ಸಲ. ಅಷ್ಟು ದೊಡ್ಡದಾಗಿ ಬರೆದಿದ್ದೀಯಲ್ಲ, ದಿನಕ್ಕೆ ಮೂರು ಸಲ, ಚೆನ್ನಾಗಿ ಕುಲುಕಿ ಅಂತ. ಓದೋಕೆ ಬಂದ್ಮೇಲೆ ಮಾಡದೆ ಇರೋಕಾಗುತ್ತಾ?"

ನಾನು ಮೆಟ್ಟಿಲ ಮೇಲೆ ಕುಳಿತೆ.

ಆದ್ದರಿಂದ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಮಣಿಯದೆ ಒಪ್ಪಿಕೊಳ್ಳುತ್ತೇನೆ: ಮೂವತ್ತೆಂಟು ಜನರ ಮುಂದೆ ನಲವತ್ತು ನಿಮಿಷ ನಾನು ಹೊಗಳಿದ ಆ ಕೈ ನನ್ನದಲ್ಲ. ಅದು ಎಪ್ಪತ್ತೆಂಟು ವರ್ಷದ್ದು, ಸಂಧಿನೋವಿನದ್ದು, ತಿಂಗಳಲ್ಲಿ ಸುಮಾರು ತೊಂಬತ್ತು ಸಲ ತಪ್ಪದೆ ಕುಲುಕಿದ್ದು.

"ಅಜ್ಜಿ, ಎರಡು ಚಮಚ ಅಂತಾನೂ ಬರೆದಿತ್ತಲ್ಲ? ಕುಡಿದ್ಯಾ?" ಎಂದು ಹೆದರುತ್ತಲೇ ಕೇಳಿದೆ.

"ಕುಡಿಯೋಕೆ ನಂಗೇನು ಹುಚ್ಚಾ?" ಎಂದರು ಅಜ್ಜಿ. "ಮಾಡಿದ್ದು ಯಾರು ಅಂತ ಗೊತ್ತಿರ್ಲಿಲ್ವಾ?"